ಹಸಿದ ಕರುಳು ಹುಳದ ಜೊತೆ ಹೇಗೆ ಗುದ್ದಾಡುತ್ತದೆ?

ಊಟ ಸರಿಯಿಲ್ಲದಿದ್ದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಶಾಲೆಯ ಪಾಠದಿಂದ ಹಿಡಿದು ಆಸ್ಪತ್ರೆಯ ಗೋಡೆಯ ಪೋಸ್ಟರ್‌ವರೆಗೆ ಈ ಮಾತನ್ನು ಎಲ್ಲೆಲ್ಲೂ ಓದಿದ್ದೇವೆ. ಸುಳ್ಳೇನಲ್ಲ. ಆದರೆ ಅದನ್ನು ಓದಿದಾಗ ತಲೆಯಲ್ಲಿ ಮೂಡುವ ಚಿತ್ರ ತಪ್ಪು. ಬ್ಯಾಟರಿ ಇಳಿದ ಟಾರ್ಚಿನ ಹಾಗೆ ದೇಹದ ಕಾವಲೆಲ್ಲ ಒಟ್ಟಿಗೆ ಮಂಕಾಗುತ್ತದೆ ಅಂದುಕೊಳ್ಳುತ್ತೇವೆ. ಕರುಳಿನಲ್ಲಿ ಹಾಗೆ ಆಗುವುದಿಲ್ಲ.

2014ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಇಲಿಗಳಿಗೆ ಎ ವಿಟಮಿನ್ ಇಲ್ಲದ ಆಹಾರ ಕೊಟ್ಟು ಸಾಕಿತು. ಆ ಇಲಿಗಳು ಕರುಳಿನ ಬ್ಯಾಕ್ಟೀರಿಯಾ ಸೋಂಕಿಗೆ ಬೇಗ ಸೋತವು. ಅದು ಎಲ್ಲರೂ ಊಹಿಸಿದ್ದೇ. ಆದರೆ ಹುಳದ ಸೋಂಕು ಬಂದಾಗ ಇದೇ ಬಡಕಲು ಇಲಿಗಳು ಗಟ್ಟಿಯಾಗಿ ನಿಂತವು. ಲೋಳೆ ಜಾಸ್ತಿ ಸುರಿಸಿ ಹುಳಗಳನ್ನು ಹೊರಗೆ ಹಾಕಿದವು.

ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಕರುಳಿನ ಗೋಡೆಯಲ್ಲಿ ಐಎಲ್‌ಸಿ ಎಂಬ ಕಾವಲು ಕೋಶಗಳಿವೆ. ಅವುಗಳಲ್ಲಿ ಮೂರನೇ ಬಣ ಬ್ಯಾಕ್ಟೀರಿಯಾಗಳ ಮೇಲೆ ಕಣ್ಣಿಡುತ್ತದೆ. ಎರಡನೇ ಬಣ ಹುಳಗಳನ್ನು ನೋಡಿಕೊಳ್ಳುತ್ತದೆ. ಎ ವಿಟಮಿನ್ ಇಲ್ಲವಾದಾಗ ಮೂರನೇ ಬಣ ಸೊರಗಿತು, ಎರಡನೇ ಬಣ ಬೆಳೆಯಿತು. 2016ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಈ ಎರಡನೇ ಬಣದ ಕೋಶಗಳು ಕೊರತೆಯ ಕಾಲದಲ್ಲಿ ಕೊಬ್ಬನ್ನು ಉರಿಸಿಕೊಂಡು ಕೆಲಸ ಮುಂದುವರಿಸುತ್ತವೆ. ಬೇರೆಯವರ ಒಲೆ ಆರಿದಾಗಲೂ ಇವುಗಳ ಒಲೆ ಉರಿಯುತ್ತಿರುತ್ತದೆ.

ಅಂದರೆ ಕೊರತೆ ಬಂದಾಗ ದೇಹ ಸುಮ್ನೆ ಕೈಚೆಲ್ಲುವುದಿಲ್ಲ. ಇರುವುದನ್ನು ಬೇರೆ ರೀತಿ ಹಂಚುತ್ತದೆ. ಯಾವ ಪೋಷಕಾಂಶ ಕಡಿಮೆಯಾಗಿದೆ, ಎದುರಿಗಿರುವ ಪರಾವಲಂಬಿ ಯಾವುದು, ಆ ಹೊತ್ತಿಗೆ ದೇಹಕ್ಕೆ ಇನ್ನೇನು ಕೆಲಸವಿದೆ ಎಂಬುದನ್ನು ನೋಡಿಕೊಂಡು ಕರುಳಿನ ರಕ್ಷಣೆ ಒಂದು ಕಡೆ ಕುಸಿಯುತ್ತದೆ, ಇನ್ನೊಂದು ಕಡೆ ಉಳಿಯುತ್ತದೆ. ಈ ಹಂಚಿಕೆ ಅರ್ಥವಾಗದೆ ಮಾಡುವ ಕಾರ್ಯಕ್ರಮಗಳು ಏಕೆ ಅರ್ಧಂಬರ್ಧ ಫಲ ಕೊಡುತ್ತವೆ ಎಂಬ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ.

ಲೆಕ್ಕ ಸಣ್ಣದಲ್ಲ. ಮಣ್ಣಿನ ಮೂಲಕ ಹರಡುವ ಜಂತುಹುಳಗಳು ಜಗತ್ತಿನ ಸುಮಾರು 150 ಕೋಟಿ ಜನರ ಹೊಟ್ಟೆಯಲ್ಲಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದುಂಡುಹುಳ, ಚಾಟಿಹುಳ, ಕೊಕ್ಕೆಹುಳ ಇವುಗಳಲ್ಲಿ ಮುಖ್ಯವಾದವು. ಇನ್ನೊಂದು ಕಡೆ, ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ. ಎರಡೂ ಬಹುಮಟ್ಟಿಗೆ ಒಂದೇ ಪ್ರದೇಶಗಳಲ್ಲಿ, ಒಂದೇ ಮನೆಗಳಲ್ಲಿ, ಎಷ್ಟೋ ಸಲ ಒಂದೇ ಮಗುವಿನಲ್ಲಿ ಇರುತ್ತವೆ.

ತೊಳೆದು ಗುಡಿಸುವ ಕೆಲಸ

ಕರುಳಿನ ಒಳಗೋಡೆ ಎಷ್ಟು ದಪ್ಪ ಇರಬಹುದು ಅಂದುಕೊಂಡಿದ್ದೀರಿ? ಆಹಾರಕ್ಕೂ ನಮ್ಮ ರಕ್ತಕ್ಕೂ ನಡುವೆ ನಿಂತಿರುವುದು ಒಂದೇ ಒಂದು ಸಾಲು ಜೀವಕೋಶ. ಅದೂ ಖಾಯಂ ಅಲ್ಲ. ಮೂರರಿಂದ ಐದು ದಿನಕ್ಕೊಮ್ಮೆ ಇಡೀ ಸಾಲು ಉದುರಿ ಹೊಸದು ಬರುತ್ತದೆ. ಮಡಿಕೆಗಳ ತಳದಲ್ಲಿ ಹುಟ್ಟಿದ ಕೋಶ ಮೆಲ್ಲಗೆ ಮೇಲಕ್ಕೆ ಜರುಗುತ್ತದೆ, ತುದಿ ಮುಟ್ಟಿ ಉದುರುತ್ತದೆ. ದೇಹದಲ್ಲಿ ಇಷ್ಟು ಬೇಗ ಬದಲಾಗುವ ಅಂಗಾಂಶ ಬೇರೆ ಇಲ್ಲವೆಂದೇ ಹೇಳಬಹುದು. ಹಾಗಾಗಿ ಊಟ ಕಡಿಮೆಯಾದಾಗ ಮೊದಲು ಪೆಟ್ಟು ತಿನ್ನುವ ಜಾಗಗಳಲ್ಲಿ ಇದೂ ಒಂದು.

ಈ ಸಾಲಿನಲ್ಲಿ ಎಲ್ಲ ಕೋಶಗಳೂ ಒಂದೇ ಥರ ಅಲ್ಲ. ಹೆಚ್ಚಿನವು ಆಹಾರ ಹೀರುತ್ತವೆ. ಕೆಲವು ಲೋಳೆ ತಯಾರಿಸುತ್ತವೆ. ತಳದಲ್ಲಿರುವ ಪ್ಯಾನೆತ್ ಕೋಶಗಳು ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳನ್ನು ಸುರಿಸುತ್ತವೆ. ಅಲ್ಲೊಂದು ಇಲ್ಲೊಂದು ಟಫ್ಟ್ ಕೋಶಗಳಿರುತ್ತವೆ. ತಲೆಯ ಮೇಲೆ ಕುಚ್ಚು ಕಟ್ಟಿದ ಹಾಗೆ ಕಾಣುವುದರಿಂದ ಅವಕ್ಕೆ ಆ ಹೆಸರು. ಸೂಕ್ಷ್ಮದರ್ಶಕದಲ್ಲಿ ಅವನ್ನು ದಶಕಗಳಿಂದ ನೋಡುತ್ತಲೇ ಇದ್ದರು, ಅವು ಇಲ್ಲಿ ಏನು ಮಾಡುತ್ತಿವೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. 2016ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ಒಂದೇ ಉತ್ತರ ತಂದವು. ಪರಾವಲಂಬಿ ಬಂದಿದೆ ಎಂದು ಮೊದಲು ಕೂಗುವುದು ಈ ಕೋಶಗಳೇ.

ಕೂಗು ಎಂದರೆ ಇಂಟರ್‌ಲ್ಯೂಕಿನ್-25 ಎಂಬ ರಾಸಾಯನಿಕ. ಅದು ನಾವು ಆಗಲೇ ನೋಡಿದ ಎರಡನೇ ಬಣದ ಕೋಶಗಳನ್ನು ಎಬ್ಬಿಸುತ್ತದೆ. ಅವು ಇಂಟರ್‌ಲ್ಯೂಕಿನ್-13 ಬಿಡುತ್ತವೆ. ಇದು ತಳದ ತಾಯಿಕೋಶಗಳಿಗೆ ತಲುಪಿದ ಮೇಲೆ ಅವು ಲೋಳೆಯ ಕೋಶಗಳನ್ನೂ ಟಫ್ಟ್ ಕೋಶಗಳನ್ನೂ ಹೆಚ್ಚೆಚ್ಚು ಹುಟ್ಟಿಸಲು ಶುರುಮಾಡುತ್ತವೆ. ಟಫ್ಟ್ ಕೋಶ ಜಾಸ್ತಿಯಾದಂತೆ ಕೂಗೂ ಜೋರಾಗುತ್ತದೆ. ಕೆಲವೇ ದಿನಗಳಲ್ಲಿ ಕರುಳು ಬೇರೆಯೇ ಆಗಿಬಿಡುತ್ತದೆ. ಲೋಳೆ ದಪ್ಪವಾಗುತ್ತದೆ, ನೀರು ಒಳಗೆ ಸುರಿಯುತ್ತದೆ, ಗೋಡೆಯ ಸ್ನಾಯು ಜೋರಾಗಿ ಹಿಂಡುತ್ತದೆ. ಹುಳಕ್ಕೆ ಹಿಡಿತ ಸಿಗುವುದಿಲ್ಲ. ಒಂದು ರೀತಿಯಲ್ಲಿ ಇದು ತೊಳೆದು ಗುಡಿಸುವ ಕೆಲಸ. ಹುಳ ದೊಡ್ಡ ಜೀವಿ, ಬ್ಯಾಕ್ಟೀರಿಯಾದಂತೆ ಅದನ್ನು ಒಂದು ಕೋಶ ನುಂಗಲಾಗದು. ಕೊಲ್ಲುವುದಕ್ಕಿಂತ ಹೊರಗೆ ತಳ್ಳುವುದೇ ಸುಲಭ.

ಚಾಟಿಹುಳದ ವಿಷಯದಲ್ಲಿ ಇನ್ನೊಂದು ಉಪಾಯವೂ ಇದೆ. ಅದು ತನ್ನ ತೆಳ್ಳನೆಯ ಮುಂಭಾಗವನ್ನು ಗೋಡೆಯ ಕೋಶಗಳೊಳಗೇ ಹೊಲಿದುಕೊಂಡು ಕೂರುತ್ತದೆ. ಆಗ ಕರುಳು ಕೋಶಗಳ ಸಾಲನ್ನೇ ವೇಗವಾಗಿ ಮೇಲಕ್ಕೆ ಜರುಗಿಸುತ್ತದೆ, ಚಲಿಸುವ ಮೆಟ್ಟಿಲಿನ ಹಾಗೆ. ಹುಳ ಕೂತ ಜಾಗವೇ ಜಾರಿ ಉದುರಿಹೋಗುತ್ತದೆ. 2005ರಲ್ಲಿ ಇಲಿಗಳಲ್ಲಿ ಇದನ್ನು ಕಂಡುಕೊಂಡರು. ನನಗೆ ಇದು ಈ ಇಡೀ ವಿಷಯದಲ್ಲೇ ತುಂಬ ಇಷ್ಟವಾದ ಸಂಗತಿ.

ಈಗ ಖರ್ಚಿನ ಲೆಕ್ಕ ಹಾಕಿ ನೋಡಿ. ಲೋಳೆ ಅಂದರೆ ಬರೀ ನೀರಲ್ಲ, ಅದರ ಹುರಿ ಪ್ರೋಟೀನಿನದು. ಅದರಲ್ಲಿ ಥ್ರಿಯೊನಿನ್ ಎಂಬ ಅಮೈನೊ ಆಮ್ಲ ತುಂಬ ಇರುತ್ತದೆ. ಅದನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಲೋಳೆ ಸುರಿದಷ್ಟೂ ಪ್ರೋಟೀನು ಖರ್ಚು. ಕೋಶಗಳ ಸಾಲನ್ನು ವೇಗವಾಗಿ ಓಡಿಸಬೇಕಾದರೆ ಹೊಸ ಕೋಶಗಳನ್ನು ವೇಗವಾಗಿ ಕಟ್ಟಬೇಕು. ಅದಕ್ಕೂ ಪ್ರೋಟೀನು, ಅದಕ್ಕೂ ಸತು (ಜಿಂಕ್). ಪ್ರತಿಕಾಯಗಳೂ ಪ್ರೋಟೀನೇ. ಆರೋಗ್ಯವಂತ ದೊಡ್ಡವರ ದೇಹ ಐಜಿಎ ಎಂಬ ಪ್ರತಿಕಾಯವನ್ನು ದಿನಕ್ಕೆ ಗ್ರಾಮುಗಳ ಲೆಕ್ಕದಲ್ಲಿ ತಯಾರಿಸಿ ಕರುಳಿಗೆ ಬಿಡುತ್ತದೆ. ಇಂಥ ವ್ಯವಸ್ಥೆ ಹಸಿದ ದೇಹದಲ್ಲಿ ಎಷ್ಟು ದಿನ ನಡೆದೀತು?

ಯಾವ ಕೊರತೆ ಎಂಬುದೇ ಮುಖ್ಯ

ಎ ವಿಟಮಿನ್ ಪ್ರಯೋಗದಲ್ಲಿ ಹುಳದ ವಿರುದ್ಧದ ಬಲ ಉಳಿದಿತ್ತು ಅಂದೆನಲ್ಲ, ಪ್ರೋಟೀನು ಅಥವಾ ಸತು ಕಡಿಮೆಯಾದರೆ ಕಥೆ ತಲೆಕೆಳಗು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಇದರ ಮೇಲೆ ಸಾಲು ಪ್ರಯೋಗಗಳು ನಡೆದವು. ಪ್ರೋಟೀನು ಕಡಿಮೆ ತಿಂದ ಇಲಿಗಳ ಕರುಳಿನಲ್ಲಿ ಹುಳಗಳು ಹೆಚ್ಚು ದಿನ ಬದುಕಿದವು. ಸತು ಕಡಿಮೆಯಾದಾಗಲೂ ಅದೇ. ಹುಳದ ವಿರುದ್ಧ ಕೆಲಸ ಮಾಡುವ ಇಯೊಸಿನೊಫಿಲ್ ಕೋಶಗಳು, ಇಂಟರ್‌ಲ್ಯೂಕಿನ್-4ರಂಥ ಸಂದೇಶಗಳು ಇಳಿದಿದ್ದವು. ಕೂಗುವವರಿದ್ದರೂ ಓಡಿಬರುವವರಿಲ್ಲ ಎಂಬಂಥ ಸ್ಥಿತಿ.

ಒಂದು ವಿಟಮಿನ್ ಇಲ್ಲದಿದ್ದರೆ ಸಂದೇಶದ ದಾರಿ ಬದಲಾಗುತ್ತದೆ, ಪ್ರೋಟೀನು ಇಲ್ಲದಿದ್ದರೆ ಕಟ್ಟುವ ಸಾಮಗ್ರಿಯೇ ಇರುವುದಿಲ್ಲ. ನಾನು ಇದನ್ನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ನಿಜ ಜೀವನದಲ್ಲಿ ಮಗುವಿಗೆ ಒಂದೇ ಒಂದು ಪೋಷಕಾಂಶ ಕಡಿಮೆಯಾಗುವುದು ಅಪರೂಪ, ಎಲ್ಲವೂ ಕಲಸಿಕೊಂಡೇ ಬರುತ್ತವೆ. ಪ್ರಯೋಗಶಾಲೆಯ ಇಲಿಗೂ ಮನುಷ್ಯರ ಮಗುವಿಗೂ ಇರುವ ಅಂತರ ಇದೇ.

ಹಂಚಿಕೆಯ ಮಾತಿಗೆ ನನಗೆ ಸಿಕ್ಕ ಬಲವಾದ ಸಾಕ್ಷಿ ಕುರಿಗಳದ್ದು. ಈದ ಕುರಿಯ ಹಿಕ್ಕೆಯಲ್ಲಿ ಹುಳದ ಮೊಟ್ಟೆಗಳು ಏಕಾಏಕಿ ಹೆಚ್ಚುತ್ತವೆ ಎಂಬುದು ಪಶುವೈದ್ಯರಿಗೆ ಹಳೆಯ ವಿಷಯ. ಅಲ್ಲಿಯವರೆಗೆ ಹುಳಗಳನ್ನು ಹತೋಟಿಯಲ್ಲಿಟ್ಟಿದ್ದ ಕುರಿ ಈಯುವ ಹೊತ್ತಿಗೆ ಕೈಬಿಡುತ್ತದೆ. ಅವಳಿ ಮರಿ ಹಾಕಿದರೆ ಇನ್ನೂ ಜಾಸ್ತಿ. ಏಕೆ? ಹಾಲಿಗೆ ಪ್ರೋಟೀನು ಬೇಕು. ಕರುಳಿನ ಕಾವಲಿಗೂ ಅದೇ ಪ್ರೋಟೀನು ಬೇಕು. ಎರಡಕ್ಕೂ ಸಾಲದಿದ್ದಾಗ ಮರಿ ಗೆಲ್ಲುತ್ತದೆ, ಕಾವಲು ಸೋಲುತ್ತದೆ. ಹೆಚ್ಚುವರಿ ಪ್ರೋಟೀನು ಕೊಟ್ಟರೆ ಮೊಟ್ಟೆಗಳ ಲೆಕ್ಕ ಇಳಿಯುತ್ತದೆ. ಹಾಲೂಡಿಸುವ ಇಲಿಗಳಲ್ಲಿ ಇದನ್ನೇ ಇನ್ನೂ ಚೊಕ್ಕವಾಗಿ ಪರೀಕ್ಷಿಸಿದರು. ತಾಯಿಯ ಆಹಾರ ಬದಲಿಸದೆ ಮರಿಗಳ ಸಂಖ್ಯೆ ಮಾತ್ರ ಕಡಿಮೆ ಮಾಡಿದಾಗಲೂ ತಾಯಿಯ ಹೊಟ್ಟೆಯ ಹುಳಗಳು ಕಡಿಮೆಯಾದವು. ಹೊಸದಾಗಿ ಏನನ್ನೂ ಕೊಟ್ಟಿಲ್ಲ, ಬರೀ ಖರ್ಚಿನ ಒಂದು ಬಾಬತ್ತು ಇಳಿಸಿದ್ದು, ಅಷ್ಟೇ.

ಬೆಳೆಯುವ ಮಗುವಿನ ದೇಹದಲ್ಲೂ ಇಂಥದೇ ಎಳೆದಾಟ ಇರಬೇಕಲ್ವಾ? ಮೂಳೆಗೆ, ಮಿದುಳಿಗೆ, ಸ್ನಾಯುವಿಗೆ, ಕರುಳಿನ ಗೋಡೆಗೆ ಹೀಗೆ ನಾಲ್ಕೂ ಕಡೆಯಿಂದ ಕೈಗಳು ಚಾಚಿರುತ್ತವೆ. ಸೋಂಕು ಬಂದಾಗ ಉರಿಯೂತದ ರಾಸಾಯನಿಕಗಳು ಬೆಳವಣಿಗೆಯ ಹಾರ್ಮೋನುಗಳ ಕೆಲಸವನ್ನು ತಡೆಯುತ್ತವೆ ಎಂಬುದು ತಿಳಿದಿರುವ ಸಂಗತಿ. ಎಷ್ಟೋ ಮಕ್ಕಳ ಎತ್ತರ ನಿಲ್ಲುವುದಕ್ಕೆ ಊಟ ಸಾಲದಿರುವುದರ ಜೊತೆಗೆ ಇದೂ ಒಂದು ಕಾರಣ.

ಇನ್ನೊಂದು ಮಾತು. ಹುಳವೂ ಸುಮ್ಮನೆ ಕೂತಿರುವುದಿಲ್ಲ. ಇಲಿಗಳ ಕರುಳಿನ ಒಂದು ಹುಳ ನಮ್ಮದೇ ದೇಹದ ಶಮನಕಾರಿ ಸಂದೇಶವೊಂದನ್ನು ಅನುಕರಿಸುವ ಪ್ರೋಟೀನು ಬಿಡುತ್ತದೆ. ಅದರಿಂದ ಕಾವಲು ಕೋಶಗಳು ತಣ್ಣಗಾಗುತ್ತವೆ. ಹಸಿದ ದೇಹಕ್ಕೆ ಇದು ಒಂದು ರೀತಿಯಲ್ಲಿ ಅನುಕೂಲವೂ ಇರಬಹುದು. ದುಬಾರಿ ಜಗಳಕ್ಕಿಂತ ನಾಲ್ಕು ಹುಳ ಸಾಕುವುದು ಅಗ್ಗ. ದೌರ್ಬಲ್ಯ ಅನ್ನಬೇಕೋ ಜಾಣತನ ಅನ್ನಬೇಕೋ, ಓದಿದಾಗಲೆಲ್ಲ ನನಗೆ ಗೊಂದಲ.

ಆದರೆ ಹುಳ ಜಾಸ್ತಿಯಾದರೆ ಆ ಲೆಕ್ಕ ಕೈಕೊಡುತ್ತದೆ. ಕೊಕ್ಕೆಹುಳ ರಕ್ತ ಹೀರುತ್ತದೆ, ಕಬ್ಬಿಣ ಸೋರಿಹೋಗುತ್ತದೆ. ದುಂಡುಹುಳದ ಒಂದು ಹೆಣ್ಣು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳಿಗೆ ಬೇಕಾದ ಆಹಾರವೂ ಅದೇ ಮಗುವಿನ ಊಟದಿಂದಲೇ ಬರಬೇಕು.

ಕಣ್ಣಿಗೆ ಕಾಣದ ಪರಾವಲಂಬಿಗಳು

ಹುಳಗಳಿಗೆ ಸಿಗುವಷ್ಟು ಹೆಸರು ಏಕಕೋಶದ ಪರಾವಲಂಬಿಗಳಿಗೆ ಸಿಗುವುದಿಲ್ಲ. ಆದರೆ ಚಿಕ್ಕ ಮಕ್ಕಳ ಜೀವಕ್ಕೆ ಹೆಚ್ಚು ಅಪಾಯ ಅವುಗಳಿಂದಲೇ. ಕ್ರಿಪ್ಟೊಸ್ಪೊರಿಡಿಯಂ ನೋಡಿ. ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಏಳು ಕಡೆ ನಡೆದ ದೊಡ್ಡ ಅಧ್ಯಯನವೊಂದು 2013ರಲ್ಲಿ ಹೊರಬಂತು. ಒಂದು ವರ್ಷದೊಳಗಿನ ಮಕ್ಕಳ ತೀವ್ರ ಭೇದಿಗೆ ರೋಟಾವೈರಸ್ ಬಿಟ್ಟರೆ ಮುಖ್ಯ ಕಾರಣ ಇದೇ ಎಂದು ಅದು ತೋರಿಸಿತು. ಇದು ಗೋಡೆಯ ಕೋಶದೊಳಗೇ ಸೇರಿಕೊಂಡು ಆಹಾರ ಹೀರುವ ಎಳೆಗಳನ್ನು ಮೊಂಡಾಗಿಸುತ್ತದೆ. ಸೋಂಕು ಹೋದ ಮೇಲೂ ಮಗು ಸಣಕಲಾಗಿಯೇ ಉಳಿಯುತ್ತದೆ. ಸಣಕಲು ಮಗುವಿಗೆ ಮತ್ತೆ ಅದೇ ಸೋಂಕು ತಗುಲುತ್ತದೆ. ಬರಗಾಲದಲ್ಲಿ ಅಧಿಕಮಾಸ ಎನ್ನುವುದು ಇದಕ್ಕೇ.

ಇದಕ್ಕೆ ನಿಟಾಜೋಕ್ಸನೈಡ್ ಎಂಬ ಔಷಧಿಯಿದೆ. 2002ರಲ್ಲಿ ಜಾಂಬಿಯಾದ ಆಸ್ಪತ್ರೆಯೊಂದರಲ್ಲಿ ಅದನ್ನು ಪರೀಕ್ಷಿಸಿದರು. ಎಚ್‌ಐವಿ ಇಲ್ಲದ ಮಕ್ಕಳಲ್ಲಿ ಭೇದಿ ನಿಂತದ್ದು ಸುಮಾರು 56 ಶೇಕಡ, ಔಷಧಿ ಇಲ್ಲದ ಗುಂಪಿನಲ್ಲಿ ಸುಮಾರು 23 ಶೇಕಡ. ಎಚ್‌ಐವಿ ಇರುವ ಮಕ್ಕಳಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಅಂದರೆ ಮಾತ್ರೆಗೂ ಒಳಗಿನಿಂದ ಒಂದು ಕೈ ಬೇಕು. ದೇಹದ ಕಾವಲು ಪೂರ್ತಿ ಮಲಗಿದ್ದರೆ ಔಷಧಿ ಒಂಟಿಯಾಗುತ್ತದೆ.

ಅಮೀಬಾ ಸೋಂಕಿನ ಕಥೆ ಇನ್ನೂ ವಿಚಿತ್ರ. ಇಲ್ಲಿ ನಡುವೆ ಬರುವುದು ಲೆಪ್ಟಿನ್. ಇದು ಕೊಬ್ಬಿನ ಕೋಶಗಳು ಬಿಡುವ ಹಾರ್ಮೋನು. ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವುದು ಅದರ ಪ್ರಸಿದ್ಧ ಕೆಲಸ. ಕರುಳಿನ ಗೋಡೆಗೂ ಅದು ಬೇಕು ಎಂಬುದು ತಡವಾಗಿ ತಿಳಿಯಿತು. ಢಾಕಾದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರು 2011ರಲ್ಲಿ ಒಂದು ವಿಷಯ ಪ್ರಕಟಿಸಿದರು. ಲೆಪ್ಟಿನ್ ಹಿಡಿಯುವ ಗ್ರಾಹಕದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬೇರೆಯಾಗಿದ್ದ ಮಕ್ಕಳಿಗೆ ಅಮೀಬಾ ಸೋಂಕು ತಗುಲುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು. ಈಗ ತೆಳ್ಳಗಾದ ಮಗುವನ್ನು ನೆನೆಯಿರಿ. ಕೊಬ್ಬು ಕರಗಿದೆ, ಲೆಪ್ಟಿನ್ ಇಳಿದಿದೆ. ಹಸಿವಿನ ಸುದ್ದಿ ಮಿದುಳಿಗೆ ಹೋಗುವ ಹೊತ್ತಿಗೇ ಕರುಳಿನ ಬಾಗಿಲೂ ಸಡಿಲವಾಗಿರುತ್ತದೆ.

ಜಿಯಾರ್ಡಿಯಾ ಮಾತ್ರ ಸದ್ದಿಲ್ಲದ ಅತಿಥಿ. ಎಂಟು ದೇಶಗಳಲ್ಲಿ ಮಕ್ಕಳನ್ನು ಹುಟ್ಟಿದಾಗಿನಿಂದ ಎರಡು ವರ್ಷದವರೆಗೆ ಹಿಂಬಾಲಿಸಿದ ಮಾಲ್-ಇಡಿ ಅಧ್ಯಯನದಲ್ಲಿ ಜಿಯಾರ್ಡಿಯಾ ಇದ್ದ ಮಕ್ಕಳಿಗೆ ಭೇದಿ ಹೆಚ್ಚೇನೂ ಕಾಣಲಿಲ್ಲ. ಆದರೆ ಮೊದಲ ಆರು ತಿಂಗಳಲ್ಲೇ ಸೋಂಕು ತಗುಲಿದವರು ಎರಡನೇ ವರ್ಷಕ್ಕೆ ಎತ್ತರದಲ್ಲಿ ಹಿಂದೆ ಬಿದ್ದಿದ್ದರು. ಕರುಳಿನ ಸೋರಿಕೆಯೂ, ಅಂದರೆ ಗೋಡೆಯ ಸಂದುಗಳಿಂದ ಒಳಗಿನದು ರಕ್ತದತ್ತ ನುಸುಳುವುದೂ, ಹೆಚ್ಚಾಗಿತ್ತು. ಭೇದಿ ಇಲ್ಲ, ಜ್ವರ ಇಲ್ಲ, ಹಾಗಾಗಿ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ.

ಮಾತ್ರೆ ಒಂದು ಕಡೆ, ಊಟ ಒಂದು ಕಡೆ

ಅಪೌಷ್ಟಿಕತೆ ಮತ್ತು ಸೋಂಕು ಒಂದನ್ನೊಂದು ಬೆಳೆಸುತ್ತವೆ ಎಂಬುದು ಹೊಸ ವಿಷಯವಲ್ಲ. ಸ್ಕ್ರಿಮ್‌ಶಾ, ಟೇಲರ್ ಮತ್ತು ಗಾರ್ಡನ್ ಎಂಬ ಮೂವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲೇ ಇದನ್ನು ವಿವರವಾಗಿ ಬರೆದರು. ಅರ್ಧ ಶತಮಾನ ಕಳೆದರೂ ಕಾರ್ಯಕ್ರಮಗಳು ಬಹುಪಾಲು ಬೇರೆಬೇರೆ ಕಡತಗಳಲ್ಲೇ ಓಡುತ್ತಿವೆ.

ಜಂತುಹುಳದ ಮಾತ್ರೆಯನ್ನೇ ನೋಡಿ. 400 ಮಿಲಿಗ್ರಾಂ ಆಲ್ಬೆಂಡಜೋಲ್, ಒಂದೇ ಸಲ. ಅಗ್ಗ, ಸುರಕ್ಷಿತ, ಕೊಡುವುದು ಸುಲಭ. ದುಂಡುಹುಳಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಚಾಟಿಹುಳಕ್ಕೆ ಒಂದು ಮಾತ್ರೆ ಸಾಲದು. ಕ್ರಿಪ್ಟೊಸ್ಪೊರಿಡಿಯಂಗೆ ಅದು ಏನೂ ಮಾಡುವುದಿಲ್ಲ. ಇದ್ದ ಹುಳ ಹೋದ ಮೇಲೂ ಕರುಳಿನ ಗೋಡೆ ಹಾಗೇ ಬಡವಾಗಿರುತ್ತದೆ. ದುಂಡುಹುಳದ ಮೊಟ್ಟೆಗಳಂತೂ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಹುಳ ಮತ್ತೆ ಬರಲು ಕೆಲವು ತಿಂಗಳು ಸಾಕು. ಊರಿನ ಎಲ್ಲ ಮಕ್ಕಳಿಗೂ ಮಾತ್ರೆ ಕೊಟ್ಟರೆ ಸರಾಸರಿ ತೂಕ ನಿಜಕ್ಕೂ ಏರುತ್ತದೆಯೇ ಎಂಬ ಬಗ್ಗೆ ಸಂಶೋಧಕರ ನಡುವೆ 2015ರ ಸುಮಾರಿಗೆ ಜೋರು ಜಗಳವೇ ನಡೆಯಿತು. ಸರಾಸರಿಯಲ್ಲಿ ಲಾಭ ಬಹಳ ಕಡಿಮೆ ಎಂದಿತು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ವಿಮರ್ಶೆ. ದೂರಗಾಮಿ ಲಾಭಗಳಿವೆ ಎಂದು ಅರ್ಥಶಾಸ್ತ್ರಜ್ಞರು ವಾದಿಸಿದರು. ಹುಳ ತುಂಬಿದ ಮಗುವಿಗೆ ಮಾತ್ರೆ ಕೊಡಬೇಕು ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿರಲಿಲ್ಲ.

ನೀರು, ಶೌಚಾಲಯ, ಕೈತೊಳೆಯುವುದು ಸರಿಯಾದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೂ 2018ರ ಸುಮಾರಿಗೆ ಪೆಟ್ಟು ಬಿತ್ತು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ ಇವುಗಳಿಂದ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಪೋಷಣೆ ಕೊಟ್ಟ ಕಡೆ ಎತ್ತರ ಸ್ವಲ್ಪ ಹೆಚ್ಚಿತು, ಸ್ವಲ್ಪವೇ. ಹಾಗೆಂದು ಶೌಚಾಲಯ ವ್ಯರ್ಥ ಎಂದು ತೀರ್ಮಾನಿಸುವುದು ಆತುರ. ಬಾಂಗ್ಲಾದೇಶದಲ್ಲಿ ಜಿಯಾರ್ಡಿಯಾ ಸೋಂಕು ಕಡಿಮೆಯಾಗಿತ್ತು. ನನಗನಿಸುವುದು, ಕೊಟ್ಟ ಸೌಕರ್ಯ ಮಗುವಿನ ಬಾಯಿಗೆ ಹೋಗುವ ಕೊಳೆಯನ್ನು ಸಾಕಷ್ಟು ತಡೆಯಲಿಲ್ಲ.

ಪೋಷಕಾಂಶ ಸುರಿದರೂ ಎಚ್ಚರ ಬೇಕು. ಕೀನ್ಯಾದ ಹಸುಗೂಸುಗಳಿಗೆ ಕಬ್ಬಿಣ ಸೇರಿಸಿದ ಪುಡಿ ಕೊಟ್ಟಾಗ ಕರುಳಿನಲ್ಲಿ ರೋಗ ತರುವ ಬ್ಯಾಕ್ಟೀರಿಯಾಗಳು ಹೆಚ್ಚಿದವು, ಉರಿಯೂತವೂ ಹೆಚ್ಚಿತು. 2015ರಲ್ಲಿ ಪ್ರಕಟವಾದ ಫಲಿತಾಂಶ ಇದು. ಕಾವಲು ಸಡಿಲವಾದ ಮನೆಗೆ ಸಾಮಾನು ತಂದರೆ ಕಳ್ಳನಿಗೂ ಪಾಲು. ಸತುವಿನ ವಿಷಯ ಇದಕ್ಕಿಂತ ಸ್ಪಷ್ಟ. ಭೇದಿಯಾದ ಮಗುವಿಗೆ 10ರಿಂದ 14 ದಿನ ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿದ್ದರೆ 10 ಮಿಲಿಗ್ರಾಂ ಸತು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಹೇಳಿದ್ದವು. ಸೋಂಕಿನ ಹೊತ್ತಿನಲ್ಲೇ ಗೋಡೆ ರಿಪೇರಿಯ ಸಾಮಗ್ರಿಯನ್ನೂ ಕೊಡುವ ಇಂಥ ಕ್ರಮ ಜಂತುಹುಳದ ವಿಷಯದಲ್ಲಿ ಇನ್ನೂ ಬಂದಿಲ್ಲ.

ಕರುಳು ಚೇತರಿಸಿಕೊಳ್ಳಬಲ್ಲದು ಎಂಬುದಕ್ಕೆ ಹಳೆಯ ಸಾಕ್ಷಿಯೊಂದಿದೆ. 1960ರ ದಶಕದಲ್ಲಿ ಅಮೆರಿಕದ ಪೀಸ್ ಕಾರ್ಪ್ಸ್ ಸ್ವಯಂಸೇವಕರು ಬಡ ದೇಶಗಳಿಗೆ ಹೋಗಿ ನೆಲೆಸಿದಾಗ, ಹೋಗುವಾಗ ಗಟ್ಟಿಮುಟ್ಟಾಗಿದ್ದ ಅವರ ಕರುಳೂ ಅಲ್ಲಿನವರ ಕರುಳಿನಂತೆ ಮೊಂಡಾಯಿತು. ತಮ್ಮ ದೇಶಕ್ಕೆ ವಾಪಸಾದ ಮೇಲೆ ಕ್ರಮೇಣ ಸರಿಹೋಯಿತು. ಅಲ್ಲೇ ಹುಟ್ಟಿದ ಮಗುವಿಗೆ ವಾಪಸು ಹೋಗಲು ಬೇರೆ ಜಾಗವಿಲ್ಲ.

ತೀವ್ರ ಅಪೌಷ್ಟಿಕತೆಗೆ ಚಿಕಿತ್ಸೆ ಪಡೆದ ಮಗುವನ್ನು ಮನೆಗೆ ಕಳಿಸುವುದು ತೂಕ ನೋಡಿ, ಇಲ್ಲವೇ ತೋಳಿನ ಸುತ್ತಳತೆ ನೋಡಿ. ಪಟ್ಟಿ 12.5 ಸೆಂಟಿಮೀಟರ್ ತೋರಿಸಬೇಕು, ಎರಡು ವಾರ ಬಾವು ಇರಬಾರದು. ಮನೆಗೆ ಹೋದ ಇಂಥ ಮಕ್ಕಳಲ್ಲಿ ಹಲವರು ಮುಂದಿನ ತಿಂಗಳುಗಳಲ್ಲಿ ಮತ್ತೆ ಕಾಯಿಲೆ ಬೀಳುತ್ತಾರೆ, ಕೆಲವರು ಉಳಿಯುವುದಿಲ್ಲ. ಕರುಳಿನ ಸೋರಿಕೆ ಅಳೆಯುವ ಪರೀಕ್ಷೆ ಇಲ್ಲದಿಲ್ಲ. ಮಗುವಿಗೆ ಎರಡು ಬಗೆಯ ಸಕ್ಕರೆ ಬೆರೆಸಿದ ನೀರು ಕುಡಿಸಿ, ಗಂಟೆಗಟ್ಟಲೆ ಮೂತ್ರ ಹಿಡಿದು, ಪ್ರಯೋಗಶಾಲೆಗೆ ಕಳಿಸಬೇಕು. ನೂರು ಮಕ್ಕಳು ಸಾಲಿನಲ್ಲಿ ನಿಂತಿರುವ ಕಡೆ ಅದನ್ನು ಮಾಡಲು ಯಾರಿಗೂ ಪುರುಸೊತ್ತಿಲ್ಲ. ತೋಳಿನ ಪಟ್ಟಿಯೇ ಗತಿ.